ಮಳೆಗೆ ಮೊದಲು ಟಯರ್ ನೋಡಿ

ಪತ್ತನಾಜೆ ಕಳೆದರೆ ಮಳೆ ದೂರವಿಲ್ಲ. ತೋಟದ ಜೀಪೋ ಅಡಿಕೆ ಸಾಗಿಸುವ ಪಿಕಪ್ಪೋ ಇದ್ದವರು ಅದಕ್ಕೆ ಮೊದಲೇ ಟಯರ್ ನೋಡಿಕೊಳ್ಳಿ. ಚಡಿಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾನೂನೂ ಒಪ್ಪದು, ಸಂಪಾಜೆ ಘಾಟಿಯೂ ಒಪ್ಪದು. ಹೆಚ್ಚು ಓಡದೆ ಶೆಡ್ಡಿನಲ್ಲೇ ನಿಂತ ಗಾಡಿಯ ಚಡಿ ಹೊಸದರಂತೆ ಕಂಡರೂ ಟಯರಿನ ಪಕ್ಕದಲ್ಲಿ ಸಣ್ಣ ಬಿರುಕು ಎದ್ದಿರಬಹುದು, ಬೆರಳಾಡಿಸಿ ನೋಡಿ.

ಪುತ್ತೂರಿನಲ್ಲಿ ಎರಡು ಕಡೆ, ಸುಳ್ಯದಲ್ಲೊಂದು ಕಡೆ ದರ ವಿಚಾರಿಸಿ. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್ ಎಲ್ಲ ಸೇರಿ ಎಷ್ಟೆಂದೇ ಕೇಳಿ. ಹಳೆ ಟಯರಿಗೂ ಬೆಲೆ ಕಟ್ಟಿಸಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಟಯರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಪಕ್ಕಾ ಬಿಲ್ ಪಡೆಯಿರಿ. ‘ಆಫರ್ ಉಂಟು’ ಎಂದರೆ ತಯಾರಿಯ ನಾಲ್ಕಂಕಿ ಓದಿ: 2325 ಇದ್ದರೆ 2025ರ 23ನೇ ವಾರದ್ದು. ಅಳತೆಯಷ್ಟೇ ಅಲ್ಲ, ಭಾರ ತಾಳುವ ಲೋಡ್ ಇಂಡೆಕ್ಸೂ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು.

ಎರಡೇ ಹೊಸದು ಕೊಂಡರೆ ಹಿಂದಿನ ಚಕ್ರಕ್ಕೆ ಹಾಕಿಸಿ. ಒದ್ದೆ ತಿರುವಿನಲ್ಲಿ ಗಾಡಿಯ ಹಿಂಭಾಗ ಸುಲಭಕ್ಕೆ ಜಾರದು. ಹೊರಡುವ ಮುನ್ನ ಸ್ಟೆಪ್ನಿಗೂ ಗಾಳಿ ಹಿಡಿಸಲು ಮರೆಯಬೇಡಿ.