ಒಗಟಿನ ಸ್ಪರ್ಧೆಗೆ ಹೊರಟ ಮಕ್ಕಳಿಗೆ ಕಿವಿಮಾತು

ಗೂಢಲಿಪಿ, ಗಣಿತದ ಒಗಟು, ತಲೆಗೆ ಹುಳ ಬಿಡುವ ವಿಜ್ಞಾನದ ಪ್ರಶ್ನೆ, ಇವನ್ನೆಲ್ಲ ಸೇರಿಸಿ ನಡೆಸುವ ಸ್ಪರ್ಧೆಗಳೆಂದರೆ ನನಗೆ ಬಲು ಪ್ರೀತಿ. ಮೇಷ್ಟ್ರಾಗಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ನಿವೃತ್ತನಾದ ಮೇಲೂ ಕೇಳಿದವರಿಗೆ ಪ್ರಶ್ನೆ ಬರೆದುಕೊಡುತ್ತೇನೆ. ಬಹುಮಾನ ಬರದ ಮಕ್ಕಳು ಹೊರಗೆ ಬಂದು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಹೊಳೀಲೇ ಇಲ್ಲ ಸಾರ್." ಹೊಳೆಯಲಿ ಅಂತ ಕಾದು ಕೂತದ್ದಕ್ಕೇ ಹೊಳೆಯಲಿಲ್ಲ, ಮಕ್ಕಳೇ. ಎಣಿಸಬೇಕು, ಗೀಚಬೇಕು, ದೊಡ್ಡದನ್ನು ಚಿಕ್ಕದು ಮಾಡಿ ನೋಡಬೇಕು. ಕೈ ಓಡಿದ ಮೇಲೆ ತಲೆ ಓಡುತ್ತದೆ. ಮುಂದಿನ ಮಾತೆಲ್ಲ ಅದರ ವಿವರ.

• ಪೆನ್ಸಿಲ್, ರಬ್ಬರ್, ಚೌಕಳಿ ಹಾಳೆ, ಎರಡು ಉದ್ದನೆಯ ಕಾಗದದ ಪಟ್ಟಿ ಜೊತೆಗಿರಲಿ. ಒಂದು ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಮಾಲೆಯನ್ನು ಒಂದು ಸಲ, ಇನ್ನೊಂದರಲ್ಲಿ ಅದೇ ಅಂತರದಲ್ಲಿ ಎರಡು ಸಲ ಬರೆದುಕೊಳ್ಳಿ. ಒಂದರ ಕೆಳಗೊಂದು ಇಟ್ಟು ಸರಿಸುತ್ತ ಹೋದರೆ ಸೀಸರ್ ಲಿಪಿಯ 25 ಸಾಧ್ಯತೆಗಳನ್ನೂ ಬೇಗ ನೋಡಿ ಮುಗಿಸಬಹುದು. ರೋಮಿನ ಜೂಲಿಯಸ್ ಸೀಸರ್ ಪ್ರತಿ ಅಕ್ಷರವನ್ನೂ ಮೂರು ಮನೆ ಮುಂದೆ ಸರಿಸಿ ಬರೆಯುತ್ತಿದ್ದ. ಇವತ್ತಿಗೂ ಸ್ಪರ್ಧೆಯ ಮೊದಲ ಸುತ್ತಿನಲ್ಲಿ ಅವನ ಲಿಪಿ ಬರುತ್ತಲೇ ಇರುತ್ತದೆ.

• ಪ್ರಶ್ನೆಯನ್ನು ಒಬ್ಬರು ಮೆಲುದನಿಯಲ್ಲಿ ಓದಿ ಹೇಳಿ, ಇನ್ನೊಬ್ಬರು ಬರೆದುಕೊಳ್ಳಿ. ಶೀರ್ಷಿಕೆಯನ್ನು ಬಿಟ್ಟು ಓದಬೇಡಿ. ಪ್ರಶ್ನೆ ಬರೆಯುವ ನಮ್ಮಂಥವರು ಎಷ್ಟೋ ಸಲ ಅರ್ಧ ಕೀಲಿಯನ್ನು ಅಲ್ಲೇ ಇಟ್ಟಿರುತ್ತೇವೆ.

• ಬರೀ ಅಂಕಿಗಳ ಸಾಲು ಕೊಟ್ಟಿದ್ದರೆ ಮೊದಲು ಅದರಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದೆಂದು ಹುಡುಕಿ. 26 ದಾಟದಿದ್ದರೆ ಅವು ಇಂಗ್ಲಿಷ್ ಅಕ್ಷರಗಳ ಕ್ರಮಸಂಖ್ಯೆ ಇರಬಹುದು. 1ರಿಂದ 5ರವರೆಗಿನ ಅಂಕಿಗಳು ಮಾತ್ರ ಜೋಡಿಜೋಡಿಯಾಗಿ ಬಂದಿದ್ದರೆ ಐದು ಸಾಲು, ಐದು ಕಂಬದ ಚೌಕ ಎಳೆಯಿರಿ. ಅದು ಗ್ರೀಕರ ಪಾಲಿಬಿಯಸ್‌ನ ಚೌಕ. 2ರಿಂದ 9ರವರೆಗಿನ ಒಂದೇ ಅಂಕಿ ಮೂರ್ನಾಲ್ಕು ಸಲ ಒತ್ತೊತ್ತಾಗಿ ಬಂದಿದ್ದರೆ ಹಳೆಯ ಬಟನ್ ಮೊಬೈಲನ್ನು ನೆನೆಸಿಕೊಳ್ಳಿ. 26 ದಾಟಿಯೂ 118ರ ಒಳಗಿದ್ದರೆ ಮೂಲವಸ್ತುಗಳ ಕೋಷ್ಟಕ ತೆಗೆಯಿರಿ. 27 ಕೋಬಾಲ್ಟ್, 49 ಇಂಡಿಯಂ. ಎರಡರ ಸಂಕೇತಗಳನ್ನು ಅಕ್ಕಪಕ್ಕ ಬರೆದರೆ ‘ಕಾಯಿನ್’ ಎಂದಾಯಿತು. ಕಪ್ಪು, ಕಂದು, ಕೆಂಪು, ಕಿತ್ತಳೆ ಅಂತ ಬಣ್ಣಗಳ ಪಟ್ಟಿ ಕೊಟ್ಟಿದ್ದರೆ ರೆಸಿಸ್ಟರಿನ ಪಟ್ಟೆಗಳು ನೆನಪಾಗಲಿ: ಅವು ಕ್ರಮವಾಗಿ 0, 1, 2, 3.

• ಕನ್ನಡದ ಗೂಢಲಿಪಿ ಬಂದರೆ ಗಾಬರಿ ಬೇಡ, ಸಂತೋಷಪಡಿ. ಇಂಗ್ಲಿಷಿನದಕ್ಕಿಂತ ಇದರಲ್ಲಿ ಸುಳಿವು ಹೆಚ್ಚು. ಸಾಮಾನ್ಯವಾಗಿ ವ್ಯಂಜನವನ್ನು ಮಾತ್ರ ಸರಿಸಿ, ಕಾಗುಣಿತದ ಗುರುತನ್ನು ಹಾಗೇ ಬಿಟ್ಟಿರುತ್ತಾರೆ. ಈ ಸಾಲು ನೋಡಿ:

ಯಲಧ ಖೆಕಘೆ ಪೋಢಿ

ಓದಲು ಹೋಗಬೇಡಿ, ಎಣಿಸಿ. ಎಂಟು ಅಕ್ಷರಗಳಲ್ಲಿ ಧ, ಖ, ಘ, ಢ ಎಂದು ನಾಲ್ಕು ಮಹಾಪ್ರಾಣ. ದಿನಬಳಕೆಯ ಕನ್ನಡದಲ್ಲಿ ಮಹಾಪ್ರಾಣ ಇಷ್ಟು ದಟ್ಟವಾಗಿ ಬರುವುದೇ ಇಲ್ಲ. ಹಾಗಾದರೆ ಇವು ಎಲ್ಲಿಂದ ಬಂದವು? ವರ್ಗದ ಸಾಲನ್ನು ಬಾಯಲ್ಲಿ ಹೇಳಿಕೊಳ್ಳಿ: ಕ ಆದಮೇಲೆ ಖ, ಗ ಆದಮೇಲೆ ಘ, ದ ಆದಮೇಲೆ ಧ. ಯಾರೋ ಎಲ್ಲ ವ್ಯಂಜನವನ್ನೂ ಒಂದು ಮನೆ ಮುಂದಕ್ಕೆ ತಳ್ಳಿದ್ದಾರೆ! ಒಂದೊಂದು ಮನೆ ಹಿಂದಕ್ಕೆ ಬನ್ನಿ. ಯ ಹಿಂದೆ ಮ, ಲ ಹಿಂದೆ ರ, ಧ ಹಿಂದೆ ದ. ಕ ಹಿಂದೆ ಏನೂ ಇಲ್ಲವಲ್ಲ ಅಂದರೆ ವರ್ಣಮಾಲೆಯ ಕೊನೆಗೆ ಸುತ್ತಿ ಹೋಗಿ, ಅಲ್ಲಿ ಳ ಇದೆ. ‘ಮರದ ಕೆಳಗೆ ನೋಡಿ.’

• ಇನ್ನೂ ಎರಡು ಗುರುತು ಕನ್ನಡಕ್ಕೇ ಸೇರಿದವು. ಸಜಾತಿ ಒತ್ತಕ್ಷರ ಎಷ್ಟು ಸರಿಸಿದರೂ ಸಜಾತಿಯಾಗಿಯೇ ಉಳಿಯುತ್ತದೆ, ಪದದ ಮೊದಲಿನ ಸ್ವರವೂ ಅಲುಗುವುದಿಲ್ಲ. ‘ಅವ್ವಿ’, ‘ಇವ್ವಿ’ ಅಂತ ಎರಡು ಪದ ಒಂದೇ ಸಾಲಿನಲ್ಲಿ ಕಂಡರೆ ಅವು ‘ಅಲ್ಲಿ’, ‘ಇಲ್ಲಿ’ ಆಗಿರಬಹುದೇ ಎಂದು ಕೇಳಿಕೊಳ್ಳಿ. ‘ಅನ್ನು’, ‘ಗಳು’, ‘ಇಂದ’ ಎಂಬ ಪ್ರತ್ಯಯಗಳು ಪದದ ಕೊನೆಯಲ್ಲಿ ಮತ್ತೆ ಮತ್ತೆ ಬರುವುದರಿಂದ ಬಾಲದ ಕಡೆಯಿಂದ ಬಿಡಿಸುತ್ತ ಬರುವುದು ಎಷ್ಟೋ ಸಲ ಸುಲಭ. ಪದ ಣ ಅಥವಾ ಳ ಅಕ್ಷರದಿಂದ ಶುರುವಾಗಿದ್ದರೆ ವ್ಯಂಜನ ಬದಲಾಗಿದೆ ಎಂದೇ ತಿಳಿಯಿರಿ.

• ಅಕ್ಷರಗಳನ್ನು ಅಡ್ಡಾದಿಡ್ಡಿ ಬದಲಿಸಿದ್ದರೆ, ಅಂದರೆ ಸರಿಸುವ ಕ್ರಮವೇ ಇಲ್ಲದಿದ್ದರೆ, ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಗೆರೆ ಹಾಕಿ ಲೆಕ್ಕ ಮಾಡಿ. ಈ ಉಪಾಯವನ್ನು ಬರೆದಿಟ್ಟವರು 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಕಿಂದಿ. ಅದೇ ಶತಮಾನದಲ್ಲಿ ಇತ್ತ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆಯುತ್ತಿದ್ದರು ಎಂಬುದು ನನಗೆ ನೆನೆದಾಗಲೆಲ್ಲ ಖುಷಿ ಕೊಡುವ ಸಂಗತಿ. ಇಂಗ್ಲಿಷಿನಲ್ಲಿ ಹೆಚ್ಚು ಬರುವ ಅಕ್ಷರ ‘ಇ’, ಆಮೇಲೆ ‘ಟಿ’. ಒಂಟಿ ಅಕ್ಷರದ ಪದ ಕಂಡರೆ ಅದು ‘ಎ’ ಅಥವಾ ‘ಐ’. ಎರಡು ಸಾಲಿನ ಸಂದೇಶಕ್ಕೆ ಈ ಲೆಕ್ಕವನ್ನು ಪೂರ್ತಿ ನಂಬಬೇಡಿ. ಒಂದು ಪುಟ ಇದ್ದರೆ ನಂಬಿ.

• ಸಂದೇಶದಲ್ಲಿ ಇರಲೇಬೇಕಾದ ಪದವನ್ನು ಊಹಿಸಿ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನವರು ಜರ್ಮನ್ನರ ಎನಿಗ್ಮಾ ಸಂದೇಶಗಳನ್ನು ಹೀಗೇ ಬಿಡಿಸಿದ್ದು. ಹವಾಮಾನ ವರದಿಯಲ್ಲಿ ‘ಹವಾಮಾನ’ ಎಂಬ ಪದ ಇರಲೇಬೇಕಲ್ಲ! ಎನಿಗ್ಮಾ ಯಂತ್ರ ಯಾವ ಅಕ್ಷರಕ್ಕೂ ಅದೇ ಅಕ್ಷರವನ್ನು ಕೊಡುತ್ತಿರಲಿಲ್ಲ. ಹಾಗಾಗಿ ಊಹೆಯ ಪದವನ್ನು ಸಂದೇಶದ ಕೆಳಗೆ ಸರಿಸುತ್ತ, ಮೇಲೂ ಕೆಳಗೂ ಒಂದೇ ಅಕ್ಷರ ಬಂದ ಜಾಗಗಳನ್ನು ಹೊಡೆದುಹಾಕುತ್ತಿದ್ದರು. ನಿಮ್ಮ ಸ್ಪರ್ಧೆಯಲ್ಲಿ ಯಂತ್ರ ಇರುವುದಿಲ್ಲ. ಆದರೆ ‘ಮುಂದಿನ ಸುಳಿವು’, ‘ಅಭಿನಂದನೆ’ ಎಂಬ ಪದಗಳು ಇದ್ದೇ ಇರುತ್ತವೆ, ಬರೆಯುವವರಿಗೆ ಅದೊಂದು ಅಭ್ಯಾಸ.

• ಎಣಿಸಿದಾಗ ‘ಇ’, ‘ಟಿ’ಗಳ ಪ್ರಮಾಣ ಎಲ್ಲ ಸರಿಯಾಗಿದ್ದೂ ಓದಲು ಬಾರದಿದ್ದರೆ ಅಕ್ಷರ ಬದಲಾಗಿಲ್ಲ, ಜಾಗ ಬದಲಾಗಿದೆ. ಒಟ್ಟು ಅಕ್ಷರಗಳನ್ನು ಎಣಿಸಿ, ಅಪವರ್ತಿಸಿ. 35 ಇದ್ದರೆ ಐದೇಳಲ ಮೂವತ್ತೈದು. ಐದು ಸಾಲು ಏಳು ಕಂಬದ ಚೌಕಳಿಯಲ್ಲಿ ತುಂಬಿ ಮೇಲಿಂದ ಕೆಳಕ್ಕೆ, ಓರೆಯಾಗಿ, ಸುರುಳಿಯಾಗಿ ಓದಿ ನೋಡಿ. ಕುಮುದೇಂದು ಮುನಿ ಅಂಕಿಗಳಲ್ಲೇ ಬರೆದ ‘ಸಿರಿಭೂವಲಯ’ ಕಾವ್ಯದಲ್ಲೂ ಇದೇ ಬಗೆಯ ಆಟ: ಅದರ ಒಂದೊಂದು ಚಕ್ರದಲ್ಲೂ 27 ಸಾಲು, 27 ಕಂಬ, ಒಟ್ಟು 729 ಮನೆ. ಒಳಗೆ ಇರುವುದು 1ರಿಂದ 64ರವರೆಗಿನ ಅಂಕಿಗಳು, ಒಂದೊಂದು ಅಂಕಿಗೂ ಒಂದೊಂದು ಧ್ವನಿ. ಅಂಕಿಗೆ ಅಕ್ಷರ ಗೊತ್ತಿದ್ದರೆ ಸಾಲದು, ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕು ಎಂಬ ಬಂಧವೂ ಗೊತ್ತಿರಬೇಕು. ಒಂದು ಚಕ್ರದ ಪ್ರತಿ ಸಿಕ್ಕರೆ ಮುಂದಿಟ್ಟುಕೊಂಡು ಕೂತು ನೋಡಿ.

• ಸಂಗೀತ ಕಲಿಯುವವರು ತಂಡದಲ್ಲಿದ್ದರೆ ಅಕ್ಷರಕ್ಕೆ ಅಂಕಿಯ ಬೆಲೆ ಕೊಡುವ ಕಟಪಯಾದಿಯನ್ನು ಅವರಿಗೆ ವಹಿಸಿ. ಕ, ಟ, ಪ, ಯ ನಾಲ್ಕಕ್ಕೂ ಬೆಲೆ ಒಂದು. ಅಲ್ಲಿಂದ ಮುಂದಕ್ಕೆ ಎಣಿಸುತ್ತ ಹೋಗುವುದು. ಧೀರಶಂಕರಾಭರಣ ರಾಗದ ಹೆಸರಿನಲ್ಲಿ ಧ 9, ರ 2. ತಿರುಗಿಸಿ ಓದಿದರೆ 29, ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಅದೇ ಅದರ ಸಂಖ್ಯೆ. ಮಾಯಾಮಾಳವಗೌಳ 15 ಹೇಗೆಂದು ನೀವೇ ಮಾಡಿ ನೋಡಿ.

• ಗಣಿತದ ಒಗಟಿನಲ್ಲಿ ದೊಡ್ಡ ಸಂಖ್ಯೆ ಕಂಡರೆ ಮೊದಲು ಚಿಕ್ಕದರಲ್ಲಿ ಆಡಿ. 1914ರಲ್ಲಿ ಕೇಂಬ್ರಿಜ್‌ನಲ್ಲಿ ಪಿ.ಸಿ. ಮಹಾಲನೋಬಿಸ್ ‘ಸ್ಟ್ರ್ಯಾಂಡ್’ ಪತ್ರಿಕೆಯ ಒಗಟೊಂದನ್ನು ರಾಮಾನುಜನ್‌ಗೆ ಓದಿ ಹೇಳಿದರು. ಒಂದು ಬೀದಿಯ ಮನೆಗಳಿಗೆ 1, 2, 3 ಎಂದು ಸಾಲಾಗಿ ನಂಬರು. ಒಂದು ಮನೆಯ ಎಡಗಡೆಯ ನಂಬರುಗಳ ಮೊತ್ತವೂ ಬಲಗಡೆಯ ನಂಬರುಗಳ ಮೊತ್ತವೂ ಸಮ. ಬೀದಿಯಲ್ಲಿ 50ಕ್ಕಿಂತ ಹೆಚ್ಚು, 500ಕ್ಕಿಂತ ಕಡಿಮೆ ಮನೆಗಳಿವೆ. ಆ ಮನೆಯ ನಂಬರೆಷ್ಟು? ರಾಮಾನುಜನ್ ಈ ಒಂದು ಉತ್ತರವನ್ನಷ್ಟೇ ಅಲ್ಲ, ಇಂಥ ಎಲ್ಲ ಬೀದಿಗಳ ಉತ್ತರವನ್ನೂ ಒಂದೇ ಭಿನ್ನರಾಶಿಯ ಸರಪಳಿಯಲ್ಲಿ ಹೇಳಿಬಿಟ್ಟರು. ನಾವು ರಾಮಾನುಜನ್ ಅಲ್ಲ, ಪೆನ್ಸಿಲ್ ಹಿಡಿಯೋಣ. ಎಂಟು ಮನೆಯ ಬೀದಿಯಲ್ಲಿ 6ನೇ ಮನೆ ನೋಡಿ: ಎಡಕ್ಕೆ 1ರಿಂದ 5, ಮೊತ್ತ 15, ಬಲಕ್ಕೆ 7 ಮತ್ತು 8, ಅದೂ 15. ಮುಂದಿನದು 49 ಮನೆಗಳ ಬೀದಿಯಲ್ಲಿ 35. ಅದರ ಮುಂದಿನದು 288ರಲ್ಲಿ 204, ಅದೇ ಪತ್ರಿಕೆ ಕೇಳಿದ ಉತ್ತರ. ಈಗ 8ನ್ನು 6ರಿಂದ, 49ನ್ನು 35ರಿಂದ, 288ನ್ನು 204ರಿಂದ ಭಾಗಿಸಿ. ಬರುವ ದಶಾಂಶಗಳು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಖ್ಯೆಯ ಕಡೆಗೆ ಹೋಗುತ್ತಿವೆ, ಅದು ಯಾವುದೆಂದು ನಾನು ಹೇಳುವುದಿಲ್ಲ.

• "ಸಾಧ್ಯವಿಲ್ಲ" ಎಂಬುದೂ ಉತ್ತರವೇ, ಆದರೆ ಕಾರಣ ಸಮೇತ. ಚದುರಂಗದ ಹಾಸಿನ ಎದುರುಬದುರು ಮೂಲೆಯ ಎರಡು ಮನೆ ಕತ್ತರಿಸಿ ತೆಗೆದರೆ ಉಳಿದ 62 ಮನೆಗಳನ್ನು ಎರಡೆರಡು ಮನೆಯ 31 ಬಿಲ್ಲೆಗಳಿಂದ ಮುಚ್ಚಬಹುದೇ? ಜೋಡಿಸಿ ನೋಡುತ್ತ ಕೂತರೆ ಹೊತ್ತು ಹೋಗುತ್ತದೆ. ಬಣ್ಣ ಎಣಿಸಿ. ಎದುರು ಮೂಲೆಗಳೆರಡೂ ಒಂದೇ ಬಣ್ಣ, ಹಾಗಾಗಿ ಉಳಿದದ್ದು ಒಂದು ಬಣ್ಣದ 32, ಇನ್ನೊಂದರ 30. ಬಿಲ್ಲೆ ಯಾವಾಗಲೂ ಒಂದು ಬಿಳಿ, ಒಂದು ಕಪ್ಪು ಮುಚ್ಚುತ್ತದೆ. ಮುಗಿಯಿತು.

• ತಕ್ಕಡಿಯ ಒಗಟಿನಲ್ಲಿ ಮಕ್ಕಳು ತಕ್ಷಣ ಅರ್ಧರ್ಧ ಮಾಡಲು ಹೋಗುತ್ತಾರೆ. ತಕ್ಕಡಿ ಎಡಕ್ಕೆ ವಾಲಬಹುದು, ಬಲಕ್ಕೆ ವಾಲಬಹುದು, ಸಮನಾಗಿಯೂ ನಿಲ್ಲಬಹುದು. ಒಂದು ತೂಕಕ್ಕೆ ಮೂರು ಉತ್ತರ. ಆದ್ದರಿಂದ ಮೂರು ಪಾಲು ಮಾಡಿ. ಒಂಬತ್ತು ನಾಣ್ಯದಲ್ಲಿ ಹಗುರವಾದ ಒಂದನ್ನು ಎರಡೇ ತೂಕದಲ್ಲಿ ಹಿಡಿಯಬಹುದು.

• ‘ಸೆಂಡ್’ ಕೂಡಿಸು ‘ಮೋರ್’ ಸಮ ‘ಮನಿ’, ಇಂಗ್ಲಿಷ್ ಅಕ್ಷರಕ್ಕೊಂದು ಅಂಕಿ ಕೊಡಿ ಎಂದು 1924ರಲ್ಲಿ ಹೆನ್ರಿ ಡ್ಯೂಡ್ನಿ ಕೇಳಿದ ಲೆಕ್ಕ ಇಂದಿಗೂ ಸುತ್ತುತ್ತಿದೆ. ಇಂಥದ್ದರಲ್ಲಿ ಎಡತುದಿಯಿಂದ ಶುರುಮಾಡಿ. ನಾಲ್ಕಂಕಿಯ ಎರಡು ಸಂಖ್ಯೆ ಕೂಡಿ ಐದಂಕಿ ಬಂದರೆ ಮುಂದಿನ ಅಂಕಿ 1 ಬಿಟ್ಟು ಬೇರೆಯಾಗಲಾರದು, ಅಲ್ಲಿಗೆ ‘ಎಂ’ ಸಿಕ್ಕಿತು. ಆಗ ‘ಓ’ ಸೊನ್ನೆ ಎಂಬುದೂ ತಾನಾಗಿ ಬರುತ್ತದೆ. ಕೊನೆಗೆ 9567 ಮತ್ತು 1085 ಕೂಡಿಸಿ 10652.

• ವಿಜ್ಞಾನದ ಪ್ರಶ್ನೆಗೆ ಬಕೆಟ್ಟು, ಲೋಟ, ಬಟ್ಟಲು ಸಾಕು. ನೀರಿನ ತೊಟ್ಟಿಯಲ್ಲಿ ದೋಣಿ, ದೋಣಿಯಲ್ಲಿ ಕಲ್ಲು; ಕಲ್ಲನ್ನು ನೀರಿಗೆ ಹಾಕಿದರೆ ತೊಟ್ಟಿಯ ನೀರಿನ ಮಟ್ಟ ಏರುತ್ತದೋ, ಇಳಿಯುತ್ತದೋ? ಸ್ಟೀಲ್ ಬಟ್ಟಲಿನಲ್ಲಿ ಕಬ್ಬಿಣದ ನಟ್ಟುಗಳನ್ನು ಹಾಕಿ ಬಕೆಟ್ಟಿನಲ್ಲಿ ತೇಲಿಬಿಡಿ, ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ, ಆಮೇಲೆ ನಟ್ಟುಗಳನ್ನು ಎತ್ತಿ ನೀರಿಗೆ ಹಾಕಿ. ಮಟ್ಟ ಇಳಿಯುತ್ತದೆ. ತೇಲುವಾಗ ನಟ್ಟು ತನ್ನ ತೂಕದಷ್ಟು ನೀರನ್ನು ಸರಿಸಿತ್ತು, ಮುಳುಗಿದ ಮೇಲೆ ತನ್ನ ಗಾತ್ರದಷ್ಟನ್ನು ಮಾತ್ರ. ಪರೀಕ್ಷಾ ಕೊಠಡಿಯಲ್ಲಿ ಬಕೆಟ್ ಸಿಗದಿದ್ದಾಗ ಅತಿಗೆ ಒಯ್ದು ಯೋಚಿಸಿ: ಸಾಸಿವೆಯಷ್ಟು ಚಿಕ್ಕದಿದ್ದೂ ಕ್ವಿಂಟಾಲ್ ತೂಗುವ ಕಲ್ಲಾದರೆ ಏನಾಗುತ್ತದೆ?

• ಗಡಿಯಾರಕ್ಕೆ ಹೆದರಬೇಡಿ. 1942ರ ಜನವರಿಯಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪದಬಂಧವನ್ನು 12 ನಿಮಿಷದೊಳಗೆ ಬಿಡಿಸುವ ಸ್ಪರ್ಧೆ ಇಟ್ಟಿತ್ತು, ಅದರಲ್ಲಿ ಚುರುಕಾಗಿ ಬಿಡಿಸಿದ ಕೆಲವರನ್ನು ಆಮೇಲೆ ಬ್ಲೆಚ್ಲಿಗೆ ಕರೆಸಿಕೊಂಡರು ನಿಜ. ಆದರೆ ಸೈಮನ್ ಸಿಂಗ್ 1999ರ ತಮ್ಮ ಗೂಢಲಿಪಿಯ ಪುಸ್ತಕದ ಕೊನೆಗೆ ಹತ್ತು ಸವಾಲು ಕೊಟ್ಟು, ಹತ್ತು ಸಾವಿರ ಪೌಂಡ್ ಬಹುಮಾನ ಇಟ್ಟಿದ್ದರು. ಸ್ವೀಡನ್ನಿನ ಐವರು ಜೊತೆಗೂಡಿ ಒಂದು ವರ್ಷಕ್ಕೂ ಹೆಚ್ಚು ದುಡಿದು 2000ದಲ್ಲಿ ಅದನ್ನು ಗೆದ್ದರು. ನನಗೆ ಈ ಐವರ ಮೇಲೆ ಗೌರವ ಹೆಚ್ಚು.

• ಹತ್ತು ನಿಮಿಷ ಒಂದೇ ಕಡೆ ಸಿಕ್ಕಿಕೊಂಡರೆ ಹಾಳೆಯನ್ನು ಪಕ್ಕದವರಿಗೆ ದಾಟಿಸಿ. ಅಲ್ಲಿಯವರೆಗೆ ಮಾಡಿದ್ದನ್ನು ಅಳಿಸಬೇಡಿ. ಏನೇನು ಆಗಲಿಲ್ಲ ಎಂಬುದು ಅವರಿಗೂ ಗೊತ್ತಾಗಲಿ.

• ಫೋನಿನಲ್ಲಿ ಸಂದೇಶವನ್ನು ತುರುಕಿದರೆ ಬಿಡಿಸಿಕೊಡುವ ಆ್ಯಪ್‌ಗಳಿವೆ. ಒಂದೊಂದು ಬಗೆಯ ಲಿಪಿಯನ್ನೂ ಕೈಯಾರೆ ಒಮ್ಮೆ ಬಿಡಿಸುವವರೆಗೆ ಅವುಗಳ ತಂಟೆಗೆ ಹೋಗಬೇಡಿ. ಇದರಲ್ಲಿ ನಾನು ಹಟಮಾರಿ.

• ಬಹುಮಾನ ಬಂದಿದೆ, ಮೊದಲು ಇಷ್ಟು ಹಣ ಕಟ್ಟಿ, ಓಟಿಪಿ ಹೇಳಿ ಎಂದರೆ ಅದು ಸ್ಪರ್ಧೆಯಲ್ಲ, ಮೋಸ. ಮನೆಯಲ್ಲಿ ದೊಡ್ಡವರಿಗೆ ತಿಳಿಸಿ.

• ಬಿಡಿಸುವುದು ರೂಢಿಯಾದ ಮೇಲೆ ನೀವೇ ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ನಮ್ಮ ಸ್ಪರ್ಧೆಗಳಲ್ಲಿ ಇಂಗ್ಲಿಷ್ ಲಿಪಿಗಳೇ ತುಂಬಿವೆ. ಕಾಗುಣಿತ, ಒತ್ತಕ್ಷರ, ಪ್ರತ್ಯಯಗಳಲ್ಲಿ ಇಷ್ಟೊಂದು ಆಟಕ್ಕೆ ಜಾಗವಿದ್ದೂ ಬಳಸುವವರು ಕಡಿಮೆ. ನಿಮ್ಮ ಮನೆಯವರಿಗಷ್ಟೇ ಗೊತ್ತಿರುವ ಸಂಗತಿಯನ್ನು ಕೀಲಿ ಮಾಡಬೇಡಿ. ಕೀಲಿ ಕಾಗದದ ಮೇಲೇ ಎಲ್ಲೋ ಇರಬೇಕು. ಬರೆದ ಒಗಟನ್ನು ಉತ್ತರ ಗೊತ್ತಿಲ್ಲದ ಗೆಳೆಯನಿಗೆ ಕೊಟ್ಟು, ಸುಳಿವು ಹೇಳದೆ ಪಕ್ಕದಲ್ಲಿ ಕೂತು, ಅವನ ಪೆನ್ಸಿಲ್ ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ಅವನಿಗೆ ಬೇರೆ ದಾರಿಯಲ್ಲಿ ಅದೇ ಉತ್ತರ ಬಂದರೆ ಒಗಟು ಚೆನ್ನಾಗಿದೆ. ಬೇರೆ ಉತ್ತರ ಬಂದು, ಅದೂ ಸರಿಯಾಗಿದ್ದರೆ, ಅವನಿಗೆ ಪೂರ್ತಿ ಅಂಕ ಕೊಟ್ಟು ಒಗಟನ್ನು ತಿದ್ದಿ ಬರೆಯಿರಿ.