ಯಾವ ನೆಲವನ್ನು ಮೊದಲು ಉಳಿಸಬೇಕು?

ಜಮೀನಿನ ಬೆಲೆಯನ್ನು ಫಸಲಿನಿಂದ ಅಳೆಯುವುದು ರೈತನ ಮಗನಾದ ನನಗೆ ವಾಡಿಕೆ. ಕಾಡಿನ ಲೆಕ್ಕ ಬೇರೆ. ಕೊಳ್ಳೇಗಾಲ, ಹನೂರು ಸೀಮೆಯ ಎಡೆಯಾರಳ್ಳಿ–ದೊಡ್ಡಸಂಪಿಗೆ ಆನೆದಾರಿ ಬಹಳ ಕಿರಿದಾದ ಪಟ್ಟಿ. ಫಸಲಿನ ಕಣ್ಣಿಗೆ ಅದು ಬರಿಯ ಪಾಳು. ಆದರೆ ಯಳಂದೂರಿನ ಬೆನ್ನಿಗಿರುವ ಬಿಳಿಗಿರಿಯ ಕಾಡಿನಿಂದ ಮಲೆ ಮಹದೇಶ್ವರನ ಕಾಡಿಗೆ ಆನೆಗಳು ದಾಟುವುದು ಅಲ್ಲಿಯೇ. ಬಿಳಿಗಿರಿಯು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆ ಮಹದೇಶ್ವರವು 2013ರಲ್ಲಿ ವನ್ಯಧಾಮವಾಯಿತು. ನಡುವಣ ದಾರಿ ಮುಚ್ಚಿದರೆ ಈ ಘೋಷಣೆಗಳಿಂದ ಆನೆಗೇನು ಲಾಭ? ಆದುದರಿಂದಲೇ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆಯು ಅಲ್ಲಿ ಸುಮಾರು 25 ಎಕರೆ ಖಾಸಗಿ ಜಮೀನನ್ನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಇಷ್ಟು ಸ್ವಲ್ಪ ನೆಲವೇ ಎಂದು ಮೊದಲು ನಾನೂ ನಕ್ಕಿದ್ದೆ. ಬಿಳಿಗಿರಿಯ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆತಿದೆ. ಉಳಿಸಬೇಕಾದ ನೆಲದ ಪಟ್ಟಿ ಬರೆಯುವವರು ಅವರ ಪೋಡುಗಳಿಗೂ ಹೋಗಿ ಕೇಳಬೇಕೆಂಬುದು ನನ್ನ ಹಟ.