ಹಳೆ ಟಿವಿ, ಕೆಟ್ಟ ಮೊಬೈಲ್: ಊರಿಗೊಂದು ಸಂಗ್ರಹ ದಿನ ನಡೆಸುವುದು ಹೇಗೆ?

ಅಟ್ಟದ ಮೇಲೆ ಡಬ್ಬಾ ಟಿವಿ, ಅಲಮಾರಿಯಲ್ಲಿ ಬಟನ್ ಕಿತ್ತ ಮೊಬೈಲ್, ಮೂಲೆಯಲ್ಲಿ ಸುಟ್ಟ ಮಿಕ್ಸರ್, ಯಾವುದಕ್ಕೂ ಹೊಂದದ ಚಾರ್ಜರ್‌ಗಳ ಗಂಟು. ಯಾದಗಿರಿ ತಾಲ್ಲೂಕಿನ ಮುದನಾಳವಿರಲಿ, ಶಹಾಪುರ, ಸುರಪುರದ ಓಣಿಗಳಿರಲಿ, ಇಂಥ ಸಾಮಾನು ಇಲ್ಲದ ಮನೆ ಅಪರೂಪ. ಗುಜರಿಯವರು ಬಂದಾಗ ತೂಕಕ್ಕೆ ಹಾಕುವುದು ರೂಢಿ. ಆದರೆ ತಾಮ್ರದ ಆಸೆಗೆ ವೈರ್ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಗಾಳಿಗೆ ಸೇರುತ್ತದೆ. ಡಬ್ಬಾ ಟಿವಿಯ ಗಾಜಿನಲ್ಲಿ ಸೀಸವಿದೆ, ಟ್ಯೂಬ್‌ಲೈಟ್‌ನಲ್ಲಿ ಪಾದರಸವಿದೆ.

ಇವನ್ನು ಸರಿಯಾಗಿ ಬಿಡಿಸುವ ಘಟಕಗಳು ರಾಜ್ಯದಲ್ಲೇ ಇವೆ. ಸರ್ಕಾರದ ಮಾನ್ಯತೆ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ ‘ಇ-ಪರಿಸರ’ 2005ರಲ್ಲಿ ಶುರುವಾದದ್ದು ಬೆಂಗಳೂರು ಸಮೀಪದ ದಾಬಸ್‌ಪೇಟೆಯಲ್ಲಿ. ಆದರೆ ಒಂದು ಮೊಬೈಲ್‌ಗಾಗಿ ಅಷ್ಟು ದೂರದಿಂದ ಯಾರೂ ಗಾಡಿ ಕಳಿಸುವುದಿಲ್ಲ. ನಾಲ್ಕಾರು ಓಣಿಯ ಸಾಮಾನು ಒಂದೆಡೆ ಕೂಡಿದರೆ ಗಾಡಿ ಬರುವ ದಾರಿಯಾಗುತ್ತದೆ.

ಜನ ಕೂಡಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಜಪಾನ್ ತೋರಿಸಿದೆ. ಟೋಕಿಯೊ ಒಲಿಂಪಿಕ್ಸ್ ಪದಕಗಳಿಗಾಗಿ 2017ರಿಂದ 2019ರವರೆಗೆ ಅಲ್ಲಿ ಸುಮಾರು 62 ಲಕ್ಷ ಮೊಬೈಲ್‌ಗಳ ಜೊತೆ ಸಾವಿರಾರು ಟನ್ ಹಳೆ ಉಪಕರಣ ಸಂಗ್ರಹವಾಯಿತು. ಅದರಿಂದ ದೊರೆತ ಚಿನ್ನ 32 ಕೆ.ಜಿ.

1. ಮೊದಲು ಮರುಬಳಕೆದಾರರನ್ನು ಗೊತ್ತುಮಾಡಿ

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆದಾರರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ನೋಂದಣಿ ನೋಡಿಯೇ ಮಾತಾಡಿ. ಏನೇನು ಒಯ್ಯುತ್ತಾರೆ, ಎಷ್ಟು ತೂಕವಾದರೆ ಗಾಡಿ ಬರುತ್ತದೆ, ಸಾಗಣೆ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಪಡೆಯಿರಿ. ದಿನ ನಿಗದಿ ಮಾಡುವುದು ಇದಾದ ಮೇಲೆ.

2. ಜಾಗ ಮತ್ತು ಪ್ರಚಾರ

ನಗರಸಭೆ ಅಥವಾ ಗ್ರಾಮ ಪಂಚಾಯಿತಿಯನ್ನು ಜೊತೆಗೆ ಸೇರಿಸಿಕೊಳ್ಳಿ. ಶಾಲೆಯ ವರಾಂಡದಂಥ ನೆರಳಿನ ಜಾಗ ಆರಿಸಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಭಾಗದಲ್ಲಿ ಬ್ಯಾಟರಿಗಳನ್ನು ಬಿಸಿಲಿಗೆ ಇಡಲೇಬಾರದು. ಕಸದ ಗಾಡಿಯ ಮೈಕು, ಸ್ವಸಹಾಯ ಸಂಘ, ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ವಾರ ಮೊದಲೇ ಸುದ್ದಿ ಮುಟ್ಟಿಸಿ.

3. ಮನೆಯಲ್ಲಿ ಮಾಡಬೇಕಾದ ತಯಾರಿ

ರಿಪೇರಿಯಾಗುವುದನ್ನು ಮೊದಲು ರಿಪೇರಿ ಅಂಗಡಿಗೆ ತೋರಿಸಿ. ಕೊಡುವ ಮೊಬೈಲ್‌ನ ಫೋಟೊ, ನಂಬರ್‌ಗಳನ್ನು ಬೇರೆಡೆ ಉಳಿಸಿಕೊಳ್ಳಿ. ಗೂಗಲ್ ಖಾತೆಯಿಂದ ಹೊರಬಂದು ಫ್ಯಾಕ್ಟರಿ ರೀಸೆಟ್ ಮಾಡಿ. ಸಿಮ್, ಮೆಮೊರಿ ಕಾರ್ಡ್ ತೆಗೆಯಲು ಮರೆಯಬೇಡಿ. ಆನ್ ಆಗದ ಫೋನ್, ಕಂಪ್ಯೂಟರ್ ಇದ್ದರೆ ಒಳಗಿನ ಮಾಹಿತಿ ಅಳಿಸುವ ವ್ಯವಸ್ಥೆ ಇದೆಯೇ ಎಂದು ಮರುಬಳಕೆದಾರರನ್ನೇ ಕೇಳಿ.

ಬ್ಯಾಟರಿಯ ವಿಷಯದಲ್ಲಿ ಅವಸರ ಬೇಡ. ಬಿಡಿ ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್‌ಗೆ ಹಾಕಬೇಡಿ; ಒಣ ಮರಳು ತುಂಬಿದ ಡಬ್ಬಿಯಲ್ಲಿ ಬೇರೆಯಾಗಿಯೇ ತನ್ನಿ. ಇನ್ವರ್ಟರ್ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಮರಳಿಸಿ. ಅದರ ಆ್ಯಸಿಡ್ ಚರಂಡಿಗೆ ಸುರಿಯಬೇಡಿ.

4. ಸಂಗ್ರಹದ ದಿನ

ಒಂದು ತಕ್ಕಡಿ, ಒಂದು ರಿಜಿಸ್ಟರ್, ನಾಲ್ಕು ವಿಂಗಡಣೆ: ಮೊಬೈಲ್–ಕಂಪ್ಯೂಟರ್, ಟಿವಿ–ಅಡುಗೆಮನೆ ಉಪಕರಣ, ಬಲ್ಬು–ಟ್ಯೂಬ್‌ಲೈಟ್, ಬ್ಯಾಟರಿ. ಟ್ಯೂಬ್‌ಲೈಟ್‌ಗಳನ್ನು ರಟ್ಟಿನಲ್ಲಿ ಸುತ್ತಿಡಿ. ಟಿವಿಯನ್ನು ಇಬ್ಬರು ಹಿಡಿದು ಇಳಿಸಿ, ಪರದೆ ಒಡೆಯದಿರಲಿ. ಸ್ಥಳದಲ್ಲಿ ಯಾವುದನ್ನೂ ಬಿಚ್ಚಬೇಡಿ, ಮಕ್ಕಳ ಕೈಗೆ ಕೊಡಬೇಡಿ.

5. ರಸೀದಿ ಪಡೆಯಿರಿ

ಗಾಡಿ ಹೊರಡುವ ಮುನ್ನ ಒಟ್ಟು ತೂಕ ನಮೂದಿಸಿದ ರಸೀದಿ ಕೈಗೆ ಬರಲಿ. ಸಾಮಾನು ಘಟಕ ತಲುಪಿದ್ದಕ್ಕೆ ದಾಖಲೆಯನ್ನೂ ಕೇಳಿ ಪಡೆದು ಪಂಚಾಯಿತಿ ಅಥವಾ ನಗರಸಭೆಯ ಫಲಕದಲ್ಲಿ ಹಾಕಿ. ತಾವು ಕೊಟ್ಟದ್ದು ಎಲ್ಲಿಗೆ ಹೋಯಿತು ಎಂದು ಗೊತ್ತಾದರೆ ಜನ ಮುಂದಿನ ಬಾರಿಯೂ ತರುತ್ತಾರೆ.

ಅಕ್ಟೋಬರ್ 14 ಅಂತರರಾಷ್ಟ್ರೀಯ ಇ-ತ್ಯಾಜ್ಯ ದಿನ. ಮೊದಲ ಸಂಗ್ರಹಕ್ಕೆ ಅದೇ ದಿನ ಇಟ್ಟುಕೊಳ್ಳಬಹುದು. ಮುಂದಿನ ಗ್ರಾಮಸಭೆ ಅಥವಾ ವಾರ್ಡ್ ಸಭೆಯಲ್ಲಿ ಈ ವಿಷಯ ಎತ್ತಿ. ಅಲ್ಲಿಯವರೆಗೆ ಹಳೆ ಮೊಬೈಲನ್ನು ಕಸದ ಬುಟ್ಟಿಗೆ ಹಾಕಬೇಡಿ.